ಹುಳದ ಮನೆಯ ಕಂಪ್ಯೂಟರ್

ಮೊದಲೇ ಹೇಳಿಬಿಡುತ್ತೇನೆ… ದೆವ್ವ ಭೂತದ ಕತೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ "ನಮ್ಮೂರ ಹುಣಸೆ ಮರದಲ್ಲಿ…" ಎಂದು ಶುರು ಮಾಡಿದರೆ ಎದ್ದು ಆಚೆ ಹೋಗುವವನು ನಾನು. ಈಗ ಅದೇ ನಾನು ಹೇಳಲು ಕೂತಿದ್ದೇನೆ. ನಗುವವರು ನಗಲಿ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಾಯಿಗೆ ಹುಳ ಬೀಳಲಿ.

ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಇದೊಂದು ತಪ್ಪಿಗೆ ನೆಂಟರಿಗೆಲ್ಲ ನಾನು ಬಿಟ್ಟಿ ರಿಪೇರಿಯವನು. ಪ್ರಿಂಟರ್ ಕೆಟ್ಟರೂ ನನಗೇ ಫೋನು, ಟಿವಿ ಕೆಟ್ಟರೂ ನನಗೇ ಫೋನು. ಒಬ್ಬ ಮಹಾರಾಯರು ಮಿಕ್ಸಿಗೂ ಕರೆದಿದ್ದರು. ಎಲ್ಲರ ಮೇಲೂ ರೇಗುತ್ತೇನೆ. ಚಿಕ್ಕಮ್ಮನ ಮೇಲೆ ಮಾತ್ರ ರೇಗಲು ಬಾಯಿ ಬರುವುದಿಲ್ಲ.

ಚಿಕ್ಕಮ್ಮನ ಮನೆ ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಬರುವಾಗ ಒಳಗೆ ಸಿಗುವ ಒಂದು ಹಳ್ಳಿಯಲ್ಲಿ. ರೇಷ್ಮೆ ಸಾಕುವ ಮನೆ. ಆ ದಿನ ಸಂಜೆ ಫೋನ್ ಮಾಡಿದಳು.

"ವೆಂಕಟೇಶಾ… ನವೀನ ಅರ್ಧಕ್ಕೇ ನಿಂತೋಗ್ತಾನೆ ಕಣಪ್ಪ. ಬಾಯಿ ಮುಚ್ಚಿದಂಗೆ ನಿಂತೋಗ್ತಾನೆ. ಒಂದ್ಸಲ ಬಂದು ನೋಡ್ತೀಯಾ?"

ನವೀನ ಅವಳ ಒಬ್ಬನೇ ಮಗ. ಸತ್ತು ವರ್ಷ ಕಳೆದಿತ್ತು.

ನವೀನ ಯಾರು ಎಂದು ನಮ್ಮ ಕಡೆ ಕ್ರಿಕೆಟ್ ಆಡುವ ಹುಡುಗರನ್ನು ಕೇಳಿದರೆ ಈಗಲೂ ಹೇಳುತ್ತಾರೆ. ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಮೈಕ್ ಹಿಡಿದು ಕಾಮೆಂಟ್ರಿ ಹೇಳುತ್ತಿದ್ದ. ಅರ್ಧ ಕನ್ನಡ, ಅರ್ಧ ತೆಲುಗು; ಬ್ಯಾಟಿನವನು ಹೊಡೆದ ಎನ್ನಲು 'ಕೊಟ್ಟಾಡು' ಎನ್ನುವುದು. "ಕೊಟ್ಟಾಡು ಸಾಮೀ ಕೊಟ್ಟಾಡು… ಬಾಲು ಕೆರೆ ಏರಿ ದಾಟ್ತು, ಹುಡುಕೋರು ಎಮ್ಮೆಗಳನ್ನ ಕೇಳ್ಕೊಂಡ್ ಬನ್ರಪ್ಪೋ!" ಆಟ ನೋಡಲು ಬಂದವರು ಆಟ ಬಿಟ್ಟು ಇವನನ್ನೇ ಕೇಳುತ್ತಾ ನಿಲ್ಲುತ್ತಿದ್ದರು. ಗೌರಿಬಿದನೂರಿನ ಕಡೆ ಒಂದು ಟೂರ್ನಮೆಂಟಿಗೆ ಹೋದವನು ಬೈಕಿನಲ್ಲಿ ವಾಪಸಾಗುವಾಗ ಲಾರಿಗೆ ಸಿಕ್ಕಿದ. ಫೋನೂ ಅವನ ಜೊತೆಗೇ ಪುಡಿಯಾಯಿತು.

ಉಳಿದದ್ದು ಅವನ ಕಂಪ್ಯೂಟರ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದೊಂದೇ ಪಾರ್ಟು ಹೊತ್ತು ತಂದು, ವೀಡಿಯೊ ನೋಡಿಕೊಂಡು ಮನೆಯಲ್ಲೇ ಜೋಡಿಸಿದ್ದ. ಅದರಲ್ಲಿ ಒಂದು ರೆಕಾರ್ಡಿಂಗ್ ಇತ್ತು. ಹೊಸ ಮೈಕ್ ಪರೀಕ್ಷೆ ಮಾಡಲು ತಾನೇ ಒಂದು ಮ್ಯಾಚ್ ಕಲ್ಪಿಸಿಕೊಂಡು ಕಾಮೆಂಟ್ರಿ ಹೇಳಿದ್ದು. ಕೊನೆಯಲ್ಲಿ ದೂರದಿಂದ ಚಿಕ್ಕಮ್ಮನ ಧ್ವನಿ ಕೇಳುತ್ತದೆ… "ಲೋ ನವೀನಾ, ಮುದ್ದೆ ಆರೋಗ್ತೈತೆ, ಊಟಕ್ಕೆ ಬಾರೋ…" ಆಗ ಅವನು ಕಾಮೆಂಟ್ರಿ ನಿಲ್ಲಿಸಿ, "ಬಂದೇ ಕಣಮ್ಮಾ…" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಮೈಕಿನ ಕೂಗಾಟ ಸ್ನೇಹಿತರ ಫೋನುಗಳಲ್ಲಿ ಬೇಕಾದಷ್ಟಿತ್ತು. ಅಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದು ಬೇರೆಲ್ಲೂ ಇರಲಿಲ್ಲ.

ಅದಕ್ಕೇ ಅವಳು ಕಂಪ್ಯೂಟರನ್ನು ರೇಷ್ಮೆ ಹುಳು ಸಾಕುವ ಹುಳದ ಮನೆಯ ಮುಂಭಾಗದ ಕೋಣೆಗೆ ಸಾಗಿಸಿದ್ದಳು. ಹುಳುಗಳಿಗೆ ಸೊಪ್ಪು ಹಾಕುತ್ತಾ ದಿನಾ ಸಂಜೆ ಅದನ್ನು ಕೇಳುವುದು. "ಬಂದೇ ಕಣಮ್ಮಾ" ಎಂದ ಮೇಲೆ ಕೈ ತೊಳೆದುಕೊಂಡು ಊಟಕ್ಕೆ ಏಳುವುದು.

ಶನಿವಾರ ಮಧ್ಯಾಹ್ನ ಹೋದೆ. ಆಗ ರೇಷ್ಮೆ ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋಗಿತ್ತು. ಹುಳದ ಮನೆ ಖಾಲಿ. ಹುಳು ಸಾಕುವ ಸ್ಟ್ಯಾಂಡುಗಳನ್ನೆಲ್ಲ ತೊಳೆದು, ನೆಲಕ್ಕೆ ಸುಣ್ಣದ ಪುಡಿ ಉದುರಿಸಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಕಂಪ್ಯೂಟರ್ ಹಾಕಿದೆ. ಬಂತು. ಫೈಲ್ ಒತ್ತಿದೆ. "ಬೌಲರ್ ಓಡಿ ಬರ್ತಾ ಅವ್ನೆ, ಓಡಿ ಬರ್…" ಅಲ್ಲಿಗೆ ಗರ್ರೆಂದು ಸಿಕ್ಕಿಕೊಂಡು, ನೀಲಿ ಪರದೆ ಬಂದು ಆರಿಹೋಯಿತು. ಮತ್ತೆ ಹಾಕಿದೆ. ಈ ಸಲ ಇನ್ನೂ ಬೇಗ ಸತ್ತಿತು. ರ‍್ಯಾಮ್ ಕೈಕೊಟ್ಟಿದೆ ಎಂದು ಆಗಲೇ ಗೊತ್ತಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರ‍್ಯಾಮ್ ಎಂದರೆ ಗೇಣುದ್ದಕ್ಕೆ ಕಡಿಮೆಯ ಒಂದು ತೆಳ್ಳನೆ ಪಟ್ಟಿ, ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳು. ಕಂಪ್ಯೂಟರ್ ಆ ಹೊತ್ತಿಗೆ ಏನು ನೆನಪಿಟ್ಟುಕೊಳ್ಳಬೇಕೋ ಅದೆಲ್ಲ ಅದರಲ್ಲಿ. ಕರೆಂಟ್ ತೆಗೆದರೆ ಎಲ್ಲ ಮರೆತುಬಿಡುತ್ತದೆ. ರ‍್ಯಾಮ್ ಪೂರ್ತಿ ತೆಗೆದರೆ ಯಂತ್ರ ಕಣ್ಣೇ ಬಿಡುವುದಿಲ್ಲ, ಕೀಂ ಕೀಂ ಎಂದು ಅರಚುತ್ತದೆ ಅಷ್ಟೆ. ಹಾಡುವುದೂ ಇಲ್ಲ, ಮಾತಾಡುವುದೂ ಇಲ್ಲ. ಈ ಮಾತು ಸ್ವಲ್ಪ ಮನಸ್ಸಿನಲ್ಲಿರಲಿ.

ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಬೆಳ್ಳಗೆ ಕಲೆ ಕಲೆ. ರ‍್ಯಾಮಿನ ಹಲ್ಲುಗಳು ತಾಮ್ರದ ಚೊಂಬು ಕಿಲುಬು ಹಿಡಿದಂತೆ ಹಸಿರಾಗಿದ್ದವು. ಅದನ್ನು ಕೂರಿಸುವ ಸ್ಲಾಟ್ ಎಂಬ ಸೀಳುಗಳಲ್ಲೂ ಹಸಿರು.

ಚಿಕ್ಕಪ್ಪ ಹೊರಗೆ ಚಂದ್ರಿಕೆಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಹುಳು ಗೂಡು ಕಟ್ಟುವ ತಟ್ಟೆ ಅವು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಚಿಕ್ಕಪ್ಪಾ, ಕಂಪ್ಯೂಟರ್ ಒಳಗೆ ನೀರು ಏನಾದ್ರೂ ಬಿತ್ತಾ?"

ಅವರು ಸುತ್ತ ನೋಡಿದರು. "ನಿಮ್ ಚಿಕ್ಕಮ್ಮ ತೊಳೆದ್ಳಪ್ಪ."

"ತೊಳೆದ್ಳಾ?!"

"ಮೆಲ್ಲಗೆ ಮಾತಾಡೋ… ಬೆಳೆ ಮುಗಿದ್ ಮ್ಯಾಲೆ ಹುಳದ ಮನೆಯೊಳಗೆ ಇರೋದನ್ನೆಲ್ಲ ಬ್ಲೀಚಿಂಗ್ ನೀರಲ್ಲಿ ತೊಳೀಬೇಕಲ್ಲ. ಒಂದು ಸಾಮಾನು ಬಿಟ್ರೂ ಮುಂದಿನ್ ಬೆಳೆಗೆ ರೋಗ ಬೀಳ್ತೈತೆ. ಮಗನ ಸಾಮಾನು ಅಂತ ಬಕೀಟಲ್ಲಿ ಅದ್ದಲಿಲ್ಲ, ಬಟ್ಟೆ ಹಿಂಡ್ಕೊಂಡು ಕೂತು ಮುಚ್ಚಳ ಬಿಚ್ಚಿ ಒಳಗೆಲ್ಲ ಒರೆಸಿದ್ಳು. ಪ್ರತಿ ಬೆಳೆಗೂ ಒರೆಸ್ತಾಳೆ." ಒಂದು ಚಂದ್ರಿಕೆ ತಿರುಗಿಸಿಟ್ಟು, "ಅದ್ರಿಂದ್ಲೇ ಕೆಟ್ಟಿದ್ದು ಅಂತ ಅವಳಿಗೆ ಹೇಳ್ಬೇಡಪ್ಪ. ತಡ್ಕೊಳಲ್ಲ," ಎಂದರು.

ಯಾರ ಮೇಲೆ ರೇಗಲಿ ಹೇಳಿ.

ಫೈಲುಗಳಿರುವ ಡಿಸ್ಕ್ ಬಿಚ್ಚಿಕೊಂಡು ಚಿಂತಾಮಣಿಗೆ ಒಯ್ದರೆ ಬೇರೆ ಕಂಪ್ಯೂಟರಿನಲ್ಲಿ ಫೈಲ್ ತೆಗೆಯಬಹುದು. ಅದನ್ನೇ ಚಿಕ್ಕಮ್ಮನಿಗೆ ಹೇಳಿದೆ. ಅವಳು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. "ಬ್ಯಾಡಪ್ಪ. ಅವನ್ದು ಏನೂ ಈ ಮನೆಯಿಂದ ಆಚೆ ಹೋಗೋದು ಬ್ಯಾಡ. ಇಲ್ಲೇ ಸರಿ ಮಾಡು."

ಸರಿ, ಇಲ್ಲೇ ಮಾಡೋಣ ಎಂದು ಕೂತೆ. ಕೆಟ್ಟ ರ‍್ಯಾಮ್ ಇರುವಾಗ ಫೈಲ್ ಕಾಪಿ ಮಾಡಬಾರದು, ಕಾಪಿಯೂ ಕೆಡುತ್ತದೆ. ಮೊದಲು ರ‍್ಯಾಮ್ ಸರಿಯಾಗಬೇಕು. ಎರಡು ಪಟ್ಟಿಗಳಿದ್ದವು. ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಒಂದೊಂದನ್ನೇ ಹಾಕಿ ಮೆಮೊರಿ ಪರೀಕ್ಷೆ ಓಡಿಸಿದೆ. ತಪ್ಪು ಸಿಕ್ಕಿದಾಗೆಲ್ಲ ಪರದೆಯಲ್ಲಿ ಒಂದು ಕೆಂಪು ಗೆರೆ ಬರುತ್ತದೆ. ಮೊದಲನೆಯದು ಹಾಕಿದ ಕೂಡಲೇ ಪರದೆ ಪೂರ್ತಿ ಕೆಂಪು. ಎರಡನೆಯದು ಸ್ವಲ್ಪ ಹೊತ್ತು ಆಸೆ ತೋರಿಸಿ ಆಮೇಲೆ ಕೆಂಪಾಯಿತು. ಚಿಂತಾಮಣಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟಿರುವ ಗೆಳೆಯ ನಯಾಜ್‌ನಿಂದ, ಬೇಕಾದೀತು ಎಂದು ಒಂದು ಒಳ್ಳೆಯ ಪಟ್ಟಿ ತಂದಿದ್ದೆ. ಅದಕ್ಕೂ ಕೆಂಪು.

ನಯಾಜ್‌ಗೆ ಫೋನ್ ಮಾಡಿದೆ. "ಹೊಸಾದ್ರಲ್ಲೂ ಬರ್ತಿದ್ರೆ ಸ್ಲಾಟೇ ಹೋಗಿದೆ ಅಣ್ಣ," ಎಂದ. "ಪೆಟ್ರೋಲಲ್ಲಿ ಎಲ್ಲ ಒರೆಸಿ, ರಾತ್ರಿಯೆಲ್ಲ ಒಣಗಕ್ಕೆ ಬಿಡಿ. ಬೆಳಿಗ್ಗೆ ನೋಡಿ. ಆದ್ರೆ ಆಸೆ ಇಟ್ಕೋಬೇಡಿ."

ಅವನು ಹೇಳಿದಂತೆಯೇ ಮಾಡಿದೆ. ಮೂರೂ ಪಟ್ಟಿ ತೆಗೆದು, ಒರೆಸಿ, ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಸೀಳುಗಳನ್ನು ಖಾಲಿ ಬಿಟ್ಟೆ. ಗೋಡೆಯ ಸ್ವಿಚ್ ಆರಿಸಿದೆ. ಇದನ್ನು ಒತ್ತಿ ಹೇಳುತ್ತೇನೆ, ಸ್ವಿಚ್ ನಾನೇ ಆರಿಸಿದೆ.

ಊಟದ ಹೊತ್ತಿಗೆ ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಬೆಳಿಗ್ಗೆ ಮಾತಾಡ್ತಾನಾ?" ಎಂದು ಕೇಳಿದಳು. "ನೋಡಣ ಚಿಕ್ಕಮ್ಮ," ಎಂದೆ.

ರಾತ್ರಿ ಅಲ್ಲೇ, ಕಂಪ್ಯೂಟರ್ ಇದ್ದ ಕೋಣೆಯಲ್ಲೇ, ಚಾಪೆ ಹಾಸಿಕೊಂಡು ಮಲಗಿದೆ. ಇಲಿ ಬಂದು ಪಟ್ಟಿಗಳನ್ನು ಎಳೆದೀತು ಎಂಬ ಭಯ. ಪಕ್ಕದಲ್ಲೇ ಹುಳದ ಮನೆಯ ಒಳಕೋಣೆಯ ಬಾಗಿಲು. ಚಿಲಕ ಹಾಕಿತ್ತು.

ಎಷ್ಟೊತ್ತು ನಿದ್ದೆ ಮಾಡಿದೆನೋ ಗೊತ್ತಿಲ್ಲ. ಮಳೆ ಸದ್ದಿಗೆ ಎಚ್ಚರವಾಯಿತು.

ಚರಚರಚರ… ಸಣ್ಣ ಮಳೆ. ಕಿಟಕಿ ಕಡೆ ನೋಡಿದೆ. ಹೊರಗೆ ಬೆಳದಿಂಗಳು.

ಆಮೇಲೆ ಹೊಳೆಯಿತು. ಇದು ಮಳೆಯಲ್ಲ. ರೇಷ್ಮೆ ಕಂಡವರಿಗೆ ಈ ಸದ್ದು ಗೊತ್ತು. ದೊಡ್ಡ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವಾಗ ಹೀಗೇ ಮಳೆ ಬಿದ್ದಂತೆ ಕೇಳುತ್ತದೆ. ಚಿಕ್ಕಂದಿನಲ್ಲಿ ಆ ಸದ್ದಿಗೇ ನಾನೂ ನವೀನನೂ ನಿದ್ದೆ ಹೋಗುತ್ತಿದ್ದೆವು.

ಆದರೆ ಒಳಗೆ ಒಂದು ಹುಳುವೂ ಇರಲಿಲ್ಲ. ಮಧ್ಯಾಹ್ನ ನಾನೇ ನೋಡಿದ್ದೆ.

ಚರಚರಚರ… ಬಾಗಿಲ ಸಂದಿಯಿಂದ ವಾಸನೆ ಬರತೊಡಗಿತು. ಬ್ಲೀಚಿಂಗ್ ವಾಸನೆಯಲ್ಲ. ಆಗತಾನೇ ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಚಿಕ್ಕಪ್ಪನ ತೋಟವನ್ನು ಬುಡಕ್ಕೆ ಕತ್ತರಿಸಿ ಬಿಟ್ಟಿದ್ದರು, ಅದರಲ್ಲಿ ಒಂದು ಎಲೆಯಿರಲಿಲ್ಲ.

ಇಲಿಯೇ ಇರಬೇಕು, ನಿನ್ನ ತಲೆ ಕೆಟ್ಟಿದೆ, ಸುಮ್ಮನೆ ಮಲಗು ಎಂದು ನನ್ನನ್ನೇ ಬೈದುಕೊಂಡೆ. ಆಗ ಬೆನ್ನ ಹಿಂದೆ ಗುಂಯ್… ಎಂದು ಫ್ಯಾನ್ ತಿರುಗಿತು.

ಕಂಪ್ಯೂಟರಿನ ಫ್ಯಾನ್.

ಪರದೆ ಕಪ್ಪಗೇ ಇತ್ತು. ಕೀಂ ಕೀಂ ಎನ್ನಲಿಲ್ಲ. ಮೊಬೈಲ್ ಟಾರ್ಚ್ ಹಾಕಿದೆ. ಗೋಡೆಯ ಸ್ವಿಚ್ ಆರಿಯೇ ಇತ್ತು. ಪೇಪರಿನ ಮೇಲೆ ಮೂರೂ ಪಟ್ಟಿ ಇಟ್ಟಂತೆಯೇ ಇದ್ದವು. ಡಬ್ಬಿಯೊಳಗೆ ಸೀಳುಗಳು ಖಾಲಿ.

ಸ್ಪೀಕರ್ ಕರ್ ಎಂದಿತು. "…ಬೌಲರ್ ಓಡಿ ಬರ್ತಾ ಅವ್ನೆ, ಓಡಿ ಬರ್ತಾ ಅವ್ನೆ… ಕೊಟ್ಟಾಡು ಸಾಮೀ ಕೊಟ್ಟಾಡು!"

ಮಧ್ಯಾಹ್ನದಿಂದ ಒಂದು ಸಲವೂ ದಾಟದ ಜಾಗವನ್ನು ನವೀನ ನಗುನಗುತ್ತಾ ದಾಟಿಬಿಟ್ಟ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೂತಲ್ಲೇ ಕೂತು ಕೇಳಿದೆ. ಭಯವೊಂದೇ ಅಲ್ಲ, ಅಳುವೂ ಬಂತು. ಎಷ್ಟು ಚೆನ್ನಾಗಿ ಹೇಳುತ್ತಿದ್ದ ಮುಂಡೇದು!

ಹೊರಬಾಗಿಲು ಕಿರ್ರೆಂದಿತು. ಚಿಕ್ಕಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಸರಿ ಮಾಡ್ಬಿಟ್ಯೇನಪ್ಪಾ?" ಎಂದು ಪಿಸುಗುಟ್ಟಿದಳು.

ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ.

ಸ್ಪೀಕರಿನಲ್ಲಿ ಅವಳದೇ ಹಳೆಯ ಧ್ವನಿ ಬಂತು. "ಲೋ ನವೀನಾ, ಮುದ್ದೆ ಆರೋಗ್ತೈತೆ, ಊಟಕ್ಕೆ ಬಾರೋ…"

ಚಿಕ್ಕಮ್ಮ ಸ್ಪೀಕರಿನ ಕಡೆ ಒಂದು ಹೆಜ್ಜೆಯಿಟ್ಟಳು.

ಸ್ಪೀಕರ್ ಸುಮ್ಮನಾಯಿತು. ಫ್ಯಾನ್ ನಿಂತಿತು. ಒಳಕೋಣೆಯ ಚರಚರವೂ ತಟ್ಟನೆ ನಿಂತಿತು. ಅಷ್ಟರಲ್ಲಿ… ಆ ಚಿಲಕ ಹಾಕಿದ ಬಾಗಿಲ ಹಿಂದಿನಿಂದ, ಸ್ಪೀಕರಿನಿಂದಲ್ಲ, ಬಾಗಿಲ ಹಿಂದಿನಿಂದ…

"ಬಂದೇ ಕಣಮ್ಮಾ…"

ಚಿಕ್ಕಮ್ಮ ನನ್ನನ್ನು ದಾಟಿಕೊಂಡು ಹೋಗಿ ಚಿಲಕ ತೆಗೆದಳು. "ಚಿಕ್ಕಮ್ಮಾ ಬೇಡ!" ಎಂದು ಕೂಗಿದೆನೋ, ಕೂಗಿದೆ ಎಂದುಕೊಂಡೆನೋ ತಿಳಿಯದು. ಅವಳು ಕತ್ತಲೊಳಗೆ ನಡೆದೇಬಿಟ್ಟಳು. ನಾನು ಹೊಸ್ತಿಲಲ್ಲಿ ನಿಂತು ಟಾರ್ಚ್ ಬಿಟ್ಟೆ. ಖಾಲಿ ಸ್ಟ್ಯಾಂಡುಗಳು. ಬಿಳಿ ನೆಲ. ಸುಣ್ಣದ ಮೇಲೆ ಅವಳ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆಯಿಲ್ಲ. ಸೊಪ್ಪಿನ ವಾಸನೆ ಹೋಗಿ ಮತ್ತೆ ಬ್ಲೀಚಿಂಗ್ ವಾಸನೆ ತುಂಬಿಕೊಂಡಿತ್ತು.

ಅವಳು ಪ್ರತಿ ಸ್ಟ್ಯಾಂಡಿನ ಹಿಂದೆಯೂ ಹುಡುಕಿದಳು. ಚಿಕ್ಕ ಮಗು ಬಚ್ಚಿಟ್ಟುಕೊಂಡಾಗ ಹುಡುಕುತ್ತಾರಲ್ಲ, ಹಾಗೆ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಹೊರಗೆ ಬಂದು ನನ್ನ ಮುಂದೆ ನಿಂತಳು.

"ಇಲ್ಲ ಕಣಪ್ಪ," ಎಂದಳು. "ಅಲ್ಲಿ ಯಾರೂ ಇಲ್ಲ."

ಬೆಳಿಗ್ಗೆ ಪಟ್ಟಿಗಳನ್ನು ಹಾಕಿ ನೋಡಿದೆ. ಕಂಪ್ಯೂಟರ್ ಮೇಲೇಳಲೇ ಇಲ್ಲ. ಕೀಂ ಎಂದು ಕೂಡ ಅನ್ನಲಿಲ್ಲ. ಚಿಕ್ಕಮ್ಮ ಈ ಸಲ ತಡೆಯಲಿಲ್ಲ. "ತಗೊಂಡೋಗು," ಎಂದಳು. ಡಿಸ್ಕ್ ಬಿಚ್ಚಿಕೊಂಡು, ಟವೆಲಿನಲ್ಲಿ ಸುತ್ತಿ ಚಿಂತಾಮಣಿಗೆ ತಂದೆ.

ನಯಾಜ್ ಅಂಗಡಿಯಲ್ಲಿ ಅವನ ಕಂಪ್ಯೂಟರಿಗೆ ಜೋಡಿಸಿದೆವು. ಫೈಲ್ ಇತ್ತು. ಸಲೀಸಾಗಿ ಓಡಿತು. ಬೌಲರ್, ಕೆರೆ ಏರಿ, ಎಮ್ಮೆಗಳು… ಎಲ್ಲ ಇತ್ತು. ಚಿಕ್ಕಮ್ಮ ಊಟಕ್ಕೆ ಕರೆಯುವುದೂ ಇತ್ತು. ಅದಾದ ಮೇಲೆ…

ಚರಚರಚರ. ಅಷ್ಟೆ.

ನಯಾಜ್ ಅದನ್ನು ಏನೇನೋ ಸಾಫ್ಟ್‌ವೇರಿಗೆ ಹಾಕಿ ಹಿಂದೆ ಮುಂದೆ ಎಳೆದು ನೋಡಿದ. ಅವನ ಮುಖ ಸಣ್ಣಗಾಯಿತು. "ಫೈಲ್ ಕೆಟ್ಟಿಲ್ಲ ಅಣ್ಣ. ಒಂದು ಚೂರೂ ಹಾಳಾಗಿಲ್ಲ. ಆ ಮಾತು ಮಾತ್ರ ಇಲ್ಲ." ಆಮೇಲೆ ಡಿಸ್ಕನ್ನು ನನ್ನ ಕೈಗಿಟ್ಟು, "ಇದನ್ನ ತಗೊಂಡೋಗ್ಬಿಡಿ, ನಮ್ ಅಂಗಡೀಲಿ ಬೇಡ," ಎಂದ. ದಿನಾ ನನ್ನನ್ನು ರೇಗಿಸುವ ನಯಾಜ್ ಆವತ್ತು ಟೀ ಕುಡಿಯಿರಿ ಎಂದೂ ಅನ್ನಲಿಲ್ಲ.

ಚಿಕ್ಕಮ್ಮನಿಗೆ ತೋರಿಸದೆ ಇರುವ ಹಾಗಿರಲಿಲ್ಲ. ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಡಿಸ್ಕನ್ನೂ ಹಿಡಿದು ಹಳ್ಳಿಗೆ ಹೋದೆ. ಜಗಲಿಯ ಮೇಲೆ ಕೂತು ಕೇಳಿದಳು. ತನ್ನ ಧ್ವನಿ ಬಂದಾಗ ಮುಂದಕ್ಕೆ ಬಗ್ಗಿದಳು. ಚರಚರ ಸದ್ದು ಮುಗಿಯುವವರೆಗೂ ಹಾಗೇ ಬಗ್ಗಿಕೊಂಡಿದ್ದಳು.

"ಇನ್ನೊಂದ್ಸಲ ಹಾಕಪ್ಪ."

ಹಾಕಿದೆ.

"ಇನ್ನೊಂದ್ಸಲ."

ಮತ್ತೆ ಹಾಕಿದೆ. ಚಿಕ್ಕಪ್ಪ ಎದ್ದು ಹಿತ್ತಿಲ ಕಡೆ ಹೋದರು.

"ನಾನು ಒರೆಸ್ದೆನಲ್ಲ ವೆಂಕಟೇಶಾ," ಎಂದಳು ಚಿಕ್ಕಮ್ಮ, ಮೆಲ್ಲಗೆ. "ಅದಕ್ಕೇನಾದ್ರೂ ಹೋಯ್ತಾ?"

"ಛೇ, ಇಲ್ಲ ಚಿಕ್ಕಮ್ಮ. ಹಳೇ ಪಾರ್ಟು, ತಾನಾಗೇ ಹೋಗಿದೆ."

ಅವಳು ನಂಬಲಿಲ್ಲ. "ಒಳಗೆ ಧೂಳಲ್ಲಿ ಅವನ ಬೆರಳಿನ ಗುರುತು ಇತ್ತು. ನೋಡ್ದೆ. ನೋಡಿನೂ ಒರೆಸ್ಬಿಟ್ಟೆ. ಹುಳಕ್ಕೆ ರೋಗ ಬರಬಾರ್ದು ಅಂತ." ಇಷ್ಟು ಹೇಳಿ ಒಳಗೆ ಹೋದಳು. ಆ ಬೆಳೆಯಿಂದ ಅವರು ಹುಳು ಸಾಕುವುದನ್ನೇ ಬಿಟ್ಟರು.

ಇನ್ನೊಮ್ಮೆ ಪ್ರಯತ್ನಿಸುತ್ತೇನೆ ಎಂದು ಸುಳ್ಳು ಹೇಳಿ ಡಿಸ್ಕನ್ನು ನಾನೇ ವಾಪಸ್ ತಂದೆ. ಪ್ರಯತ್ನಿಸಲು ಏನೂ ಉಳಿದಿರಲಿಲ್ಲ. ಮನೆಯ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ.

ಕೆಲವು ದಿನದ ಮೇಲೆ ಒಂದು ರಾತ್ರಿ ಮುಂದಿನ ಕೋಣೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಹೆಂಡತಿ ಸುಮ ಅಡುಗೆಮನೆಯಿಂದ ಕೂಗಿದಳು. "ರೀ, ಆರೋಗುತ್ತೆ, ಊಟಕ್ಕೆ ಬನ್ನಿ…"

ನಾನು ಏನೋ ಓದುತ್ತಿದ್ದವನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸೌಟು ಹಿಡಿದುಕೊಂಡೇ ಬಂದಳು. ಮುಖದಲ್ಲಿ ಸಿಡುಕು.

"ಬಂದೆ ಬಂದೆ ಅಂತೀರ, ಇಲ್ಲೇ ಕೂತಿದೀರಲ್ಲ?"

"ನಾನೆಲ್ಲಿ ಅಂದೆ?"

"ಈಗ ತಾನೆ ಅಂದ್ರಲ್ಲ! ರೂಮಲ್ಲಿ ಬೀರು ಹತ್ರ ಇದ್ರಿ… ಅದೇನು ನನ್ನನ್ನ ಅಮ್ಮ ಅಂತ ಕರೆಯೋದು, ತಮಾಷೆನಾ?"

ಅವಳಿಗೆ ನಾನು ಆವರೆಗೂ ಆ ರಾತ್ರಿಯ ಸುದ್ದಿ ಹೇಳಿರಲಿಲ್ಲ. ನವೀನ ಕೊನೆಗೆ ಏನೆನ್ನುತ್ತಿದ್ದ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಯಾರನ್ನೂ ಊಟಕ್ಕೆ ಕೂಗುವುದಿಲ್ಲ. ಸುಮ ಬಂದು ಭುಜ ಮುಟ್ಟಿ ಎಬ್ಬಿಸುತ್ತಾಳೆ. ಡಿಸ್ಕನ್ನು ಎಸೆದುಬಿಡಿ ಎನ್ನುತ್ತಾಳೆ. ಹೇಗೆ ಎಸೆಯಲಿ? ವಾಪಸ್ ಕೊಟ್ಟುಬಿಡೋಣ ಎಂದು ಟವೆಲಿನಲ್ಲಿ ಸುತ್ತಿ ಹಳ್ಳಿಗೆ ಒಯ್ದೆ ಕೂಡ. ಆ ಸಂಜೆ ಚಿಕ್ಕಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಹುಳದ ಮನೆಯ ಬಾಗಿಲಲ್ಲಿ ಕೂತು ನವೀನನನ್ನು ಊಟಕ್ಕೆ ಕರೆದಳು, ಗಂಟಲು ಬಿದ್ದುಹೋಗುವವರೆಗೂ ಕರೆದಳು. ಯಾರೂ ಓಗೊಡಲಿಲ್ಲ. ಕೊನೆಗೆ ಅವಳೇ ಅದನ್ನು ನನ್ನ ಚೀಲಕ್ಕೆ ಹಾಕಿದಳು. ಅದೇ ರಾತ್ರಿ, ನಾನು ಮನೆ ಸೇರಿ ಡಿಸ್ಕನ್ನು ಮತ್ತೆ ಬೀರುವಿನಲ್ಲಿಟ್ಟ ಮೇಲೆ, ಪಕ್ಕದ ಮನೆಯ ಹೆಂಗಸು ತನ್ನ ಮಗನನ್ನು ಊಟಕ್ಕೆ ಕೂಗಿದಳು. ನಮ್ಮ ಬೀರುವಿನ ಕಡೆಯಿಂದ ಉತ್ತರ ಬಂತು.

ಇದನ್ನು ಚಿಕ್ಕಮ್ಮನಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ. ಆದರೂ ಅವಳಿಗೆ ಹೇಗೋ ಗೊತ್ತಿದೆ. ಸಂಜೆ ಹೊತ್ತು ಒಮ್ಮೊಮ್ಮೆ ಫೋನ್ ಬರುತ್ತದೆ. ಕ್ಷೇಮ ಸಮಾಚಾರ ಏನೂ ಇಲ್ಲ.

"ವೆಂಕಟೇಶಾ… ಆವತ್ತು ನಿನ್ ಜೊತೇಲೇ ಬಂದ್ಬಿಟ್ಟವ್ನೆ ಕಣಪ್ಪ. ಅಲ್ಲೇ ಅವ್ನಾ?"

ನಾನು ಬೀರುವಿನ ಕಡೆ ನೋಡುತ್ತೇನೆ.

"ಮುದ್ದೆ ಮಾಡಿಟ್ಟಿದೀನಿ. ಕಳ್ಸಪ್ಪ."